ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಪಂಡಿತಾ ರಮಾಬಾಯಿ

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಶೃಂಗೇರಿ, ಹೊರನಾಡು, ಕುದುರೆಮುಖದ ಕಡೆಗೆ ಶಾಲಾ ಪ್ರವಾಸ ಹೋಗಿದ್ದೆವು. ನನ್ನ ಜೊತೆ ಓದಿದವರಿಗೆ ಅದು ನೆನಪಿರಬಹುದು. ಘಾಟಿಯ ತಿರುವುಗಳಲ್ಲಿ ಅರ್ಧ ಬಸ್ಸು ವಾಂತಿ ಮಾಡಿ ಸುಸ್ತಾಗಿ ಮಲಗಿತ್ತು. ಸಮಾಜ ವಿಜ್ಞಾನದ ಮೇಷ್ಟ್ರು ಕಂಬಿ ಹಿಡಿದು ಎದ್ದು ನಿಂತು, ಇದು ಗಂಗಾಮೂಲ, ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳು ಹುಟ್ಟುವ ಜಾಗ ಎಂದು ಹೇಳಿದರು. ನಾವು ಕಿಟಕಿಯಿಂದ ನೋಡಿದೆವು. ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ಪುಣೆಯಲ್ಲಿದ್ದೆ. ರಜೆಗೆ ಊರಿಗೆ ಬಂದು ರೈಲಿನಲ್ಲಿ ಹಿಂತಿರುಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣ ಬರುತ್ತಿತ್ತು. ಇಲ್ಲಿ ರಮಾಬಾಯಿಯ ಆಶ್ರಮವಿದೆ, ಆಕೆ ನಿಮ್ಮ ಕರ್ನಾಟಕದವಳೇ ಎಂದು ಒಮ್ಮೆ ಜೊತೆಗಿದ್ದ ಮರಾಠಿ ಗೆಳೆಯ ಹೇಳಿದ. ನಾನು ನಂಬಲಿಲ್ಲ. ಆಮೇಲೆ ಓದುತ್ತ ಹೋದಾಗ, ನಾವು ಮಂಜಿನಲ್ಲಿ ದಾಟಿ ಹೋಗಿದ್ದ ಅದೇ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಆಕೆ ಹುಟ್ಟಿದ್ದು ಎಂದು ಗೊತ್ತಾಯಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಹೇಳಿದಾಗ ನನಗೆ ಮೊದಲು ನೆನಪಾದವರು ಅವರೇ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನದವರು. ಪುಣೆಗೆ ಹೋಗಿ ಸಂಸ್ಕೃತ ಓದಿದವರು. ಅಲ್ಲಿ ಅವರ ಗುರುಗಳು ಪೇಶ್ವೆಯ ಮನೆಯ ಹೆಂಗಸಿಗೆ ಸಂಸ್ಕೃತ ಕಲಿಸುವುದನ್ನು ಕಂಡು ಅಚ್ಚರಿಪಟ್ಟು, ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂದು ಹಟ ತೊಟ್ಟರು. ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ಹೆಂಗಸು ಅಕ್ಷರ ಕಲಿಯುವುದೇ ತಪ್ಪು, ಇನ್ನು ಸಂಸ್ಕೃತವೆಂದರೆ ಕೇಳಬೇಕೆ? ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಶುರುವಾದಾಗ ಪಂಡಿತರಿಂದ ಆಕ್ಷೇಪ ಬಂತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಶಾಸ್ತ್ರಗಳ ಆಧಾರದಿಂದಲೇ ಅವರು ಉತ್ತರ ಕೊಡಬೇಕಾಯಿತು. ಊರಿನ ಗದ್ದಲವೇ ಬೇಡವೆಂದು ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಸುತ್ತಲೂ ಹುಲಿ, ಕಾಡುಪ್ರಾಣಿಗಳು. ಅಂಥ ಜಾಗದಲ್ಲಿ ಒಂದು ಪಾಠಶಾಲೆಯನ್ನೂ ನಡೆಸಿದರು. ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಊಟ ಹಾಕಿ ಹಾಕಿ ಆಸ್ತಿ ಕರಗಿತು. ರಮಾ ಆರು ತಿಂಗಳ ಮಗುವಾಗಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರು.

ಅಂದಿನಿಂದ ಅವರಿಗೆ ಸ್ವಂತ ಮನೆ ಎಂಬುದಿರಲಿಲ್ಲ. ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುವುದು, ಗುಡಿಯ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸಿನಲ್ಲಿ ಬದುಕುವುದು. ತಂದೆಗೆ ವಯಸ್ಸಾಗಿತ್ತು, ಹಾಗಾಗಿ ರಮಾಗೆ ಪಾಠ ಹೇಳಿದ್ದು ತಾಯಿ. ಹಗಲೆಲ್ಲ ಕೆಲಸವಿದ್ದುದರಿಂದ ಬೆಳಗಿನ ಜಾವ ಹಕ್ಕಿಗಳು ಕೂಗುವ ಹೊತ್ತಿಗೆ ಮಗಳನ್ನು ಎಬ್ಬಿಸಿ ಕೂರಿಸಿ ಶ್ಲೋಕ ಹೇಳಿಕೊಡುತ್ತಿದ್ದರು. ಹನ್ನೆರಡು ವರ್ಷಕ್ಕೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಯಿಗೆ ಬಂದಿದ್ದವು. ನಾವು ಹತ್ತನೇ ತರಗತಿಯಲ್ಲಿ ಕಂಠಪಾಠದ ಎರಡು ಪದ್ಯಕ್ಕೆ ಒದ್ದಾಡಿದ್ದನ್ನು ನೆನೆದರೆ ನಗು ಬರುತ್ತದೆ.

ಆದರೆ ಆ ಶ್ಲೋಕಗಳು ಹೊಟ್ಟೆ ತುಂಬಿಸಲಿಲ್ಲ. 1870ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬರ ಬಿತ್ತು. ಕೈಯಲ್ಲಿದ್ದ ಹಣ, ತಾಯಿಯ ಒಡವೆ, ಪಾತ್ರೆ ಪಡಗ, ಉಟ್ಟ ಬಟ್ಟೆ ಬಿಟ್ಟು ಉಳಿದ ಬಟ್ಟೆ ಎಲ್ಲವೂ ಮಾರಾಟವಾದವು. ಮನೆಯಲ್ಲಿ ಯಾರಿಗೂ ಕೂಲಿ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದರೂ ಪಂಡಿತರ ಮನೆಯವರು ಕೂಲಿ ಮಾಡುವುದು, ಭಿಕ್ಷೆ ಎತ್ತುವುದು ಅವಮಾನ ಎಂಬ ಭಾವನೆಯಿತ್ತು. ಉಪವಾಸ, ಜಪ, ದೇವರ ಸೇವೆ ಮಾಡಿದರೆ ದೇವರು ಕೊಡುತ್ತಾನೆಂದು ಕಾದರು. ತಿರುಪತಿಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದಲ್ಲಿ ಕಳೆದರು. ಮಕ್ಕಳ ಸಂಕಟ ನೋಡಲಾರದೆ ತಂದೆ ಪುಷ್ಕರಿಣಿಯಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ನಿರ್ಧರಿಸಿ ಎಲ್ಲರಿಂದ ಬೀಳ್ಕೊಂಡರು. ಕುರುಡಾಗಿದ್ದ ಆ ಮುದುಕ ಕೊನೆಯ ಮಗಳನ್ನು ಅಪ್ಪಿಕೊಂಡು, ಮರ್ಯಾದೆಯಿಂದ ಬಾಳು, ದೇವರ ಸೇವೆ ಬಿಡಬೇಡ ಎಂದು ಹೇಳಿದರಂತೆ. ಆಗ ಅಣ್ಣ ಶ್ರೀನಿವಾಸ, ನಾನು ಜಾತಿಯ ಅಭಿಮಾನ ಬಿಟ್ಟು ಕೂಲಿ ಮಾಡಿಯಾದರೂ ಸಾಕುತ್ತೇನೆ ಎಂದು ತಡೆದ. ಆದರೆ ತಡವಾಗಿತ್ತು. ಸ್ವಲ್ಪ ದಿನದಲ್ಲೇ 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಯ ಹೆಣ ಎತ್ತಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮರುಕಪಟ್ಟು ಬಂದರು. ಅಣ್ಣನೊಂದಿಗೆ ಮೂವರಾದರು. ಚಟ್ಟಕ್ಕೆ ನಾಲ್ಕನೆಯವಳು ಹದಿಹರೆಯದ ಮಗಳು. ಎತ್ತರ ಸಾಲದ್ದರಿಂದ ಹೆಗಲಿಗೆ ಬದಲು ತಲೆಯ ಮೇಲೆ ಹೊತ್ತು ದೂರದ ಸ್ಮಶಾನಕ್ಕೆ ನಡೆದಳು. ಆಮೇಲೆ ಅಕ್ಕ ಕೃಷ್ಣಾಬಾಯಿಯೂ ಸತ್ತಳು.

ಉಳಿದ ಅಣ್ಣ ತಂಗಿ ನಡೆದುಕೊಂಡೇ ಉತ್ತರಕ್ಕೆ ಹೋದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಇಲ್ಲದೆ ಝೇಲಮ್ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಮಲಗಿ, ಕತ್ತಿನವರೆಗೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು. ನೆನೆಸಿದ ಕಾಳಿಗೆ ಚಿಟಿಕೆ ಉಪ್ಪು ಸಿಕ್ಕಿದರೆ ಅದೇ ಊಟ.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ರಮಾಬಾಯಿಯವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಲ್ಕತ್ತೆಯಿಂದ ಶುರು ಮಾಡುತ್ತಾರೆ. 1878ರಲ್ಲಿ ಇಪ್ಪತ್ತು ವರ್ಷದ ಹುಡುಗಿ ಅಲ್ಲಿಗೆ ಬಂದು ಪಂಡಿತರ ಸಭೆಯಲ್ಲಿ ಸಂಸ್ಕೃತದಲ್ಲಿ ಮಾತನಾಡಿದ್ದು, ಪಂಡಿತಾ, ಸರಸ್ವತಿ ಎಂಬ ಬಿರುದು ಪಡೆದದ್ದು ದೊಡ್ಡ ಸಂಗತಿ ನಿಜ. ಆದರೆ ಮುಂದೆ ಆಕೆ ಮಾಡಿದ ಕೆಲಸದ ಬೇರು ಆ ಸಭೆಯಲ್ಲಿಲ್ಲ, ಆ ಹನ್ನೊಂದು ದಿನದ ಹಸಿವಿನಲ್ಲಿದೆ ಎಂದು ನನಗನ್ನಿಸುತ್ತದೆ.

ಕಲ್ಕತ್ತೆಯಲ್ಲೇ ಅವರು ಮೊದಲ ಬಾರಿ ಕ್ರೈಸ್ತರ ಪ್ರಾರ್ಥನೆ ನೋಡಿದ್ದು. ಎಲ್ಲರೂ ಕುರ್ಚಿಯ ಕಡೆ ತಿರುಗಿ ಮಂಡಿಯೂರಿ ಕಣ್ಣು ಮುಚ್ಚಿದರು. ಎದುರಿಗೆ ವಿಗ್ರಹವಿಲ್ಲ, ಪಟವಿಲ್ಲ. ಇವರು ಕುರ್ಚಿಯನ್ನೇ ಪೂಜಿಸುತ್ತಾರೆಂದು ಅಣ್ಣ ತಂಗಿ ತಿಳಿದುಕೊಂಡರು. ಒಂದು ಸಂಸ್ಕೃತ ಬೈಬಲನ್ನೂ ಕೊಟ್ಟರು. ತೆರೆದು ನೋಡಿದರೆ ಆ ಸಂಸ್ಕೃತ ಅರ್ಥವೇ ಆಗಲಿಲ್ಲ.

1880ರಲ್ಲಿ ಅಣ್ಣ ಕಾಲರಾದಿಂದ ತೀರಿಕೊಂಡ. ಅದೇ ವರ್ಷ ಅಣ್ಣನ ಸ್ನೇಹಿತ, ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ರಮಾಬಾಯಿ ಮದುವೆಯಾದರು. ಬೇರೆ ಪ್ರಾಂತ, ಬೇರೆ ಜಾತಿ, ರಿಜಿಸ್ಟರ್ ಮದುವೆ. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಅಲ್ಲಿ ಬಂಗಾಳಿಯ ಲೂಕನ ಸುವಾರ್ತೆಯ ಪುಸ್ತಕವೊಂದು ಕೈಗೆ ಸಿಕ್ಕಿ ಓದಿದರು. ಮಗಳು ಮನೋರಮಾ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ ಗಂಡನನ್ನೂ ಕಾಲರಾ ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬದ ವಿಧವೆ, ಕಂಕುಳಲ್ಲಿ ಹೆಣ್ಣು ಕೂಸು.

ಪುಣೆಗೆ ಬಂದರು. ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದರು. ತಾವೇ ವೈದ್ಯೆಯಾಗುವ ಆಸೆಯಿಂದ ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರ ಹಣದಲ್ಲಿ ಟಿಕೆಟ್ ಮಾಡಿಸಿ, 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಹೋಗುವಾಗ ಕ್ರೈಸ್ತಳಾಗುವುದಿಲ್ಲ ಎಂದೇ ಹೇಳಿ ಹೋಗಿದ್ದರು. ಕಿವಿ ಮಂದವಾಗುತ್ತಿದ್ದರಿಂದ ವೈದ್ಯಕೀಯದ ಆಸೆ ಈಡೇರಲಿಲ್ಲ.

ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿ ಉಳಿದುಕೊಂಡರು. ಆ ಸಿಸ್ಟರ್‌ಗಳು ಒಂದು ದಿನ ಅವರನ್ನು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿದ್ದ ತಮ್ಮ ಇನ್ನೊಂದು ಮನೆಗೆ ಕರೆದುಕೊಂಡು ಹೋದರು. ಸಮಾಜ ಕೆಟ್ಟವರೆಂದು ಹೊರಗೆ ಹಾಕಿದ ಹೆಂಗಸರನ್ನು ಕರೆತಂದು ಸಾಕುವ ಮನೆ ಅದು. ಒಳ್ಳೆಯ ಮನೆತನದ ಸಿಸ್ಟರ್‌ಗಳು ಆ ಹೆಂಗಸರ ಜೊತೆ ಕೂತು ಮಾತನಾಡುತ್ತಾರೆ, ಕಾಯಿಲೆ ಬಿದ್ದರೆ ಆರೈಕೆ ಮಾಡುತ್ತಾರೆ, ಕೆಲಸ ಕಲಿಸುತ್ತಾರೆ. ರಮಾಬಾಯಿ ಇಂಥದ್ದನ್ನು ಕಂಡಿರಲಿಲ್ಲ. ಅವರು ಓದಿದ್ದ ಧರ್ಮಶಾಸ್ತ್ರಗಳಲ್ಲಿ ಅಂಥ ಹೆಂಗಸಿಗೆ ಶಿಕ್ಷೆಯಿತ್ತು, ಬಹಿಷ್ಕಾರವಿತ್ತು, ಪ್ರೀತಿ ಇರಲಿಲ್ಲ. ನೀವು ಯಾಕೆ ಇದನ್ನು ಮಾಡುತ್ತೀರಿ ಎಂದು ಕೇಳಿದರು. ಸಿಸ್ಟರೊಬ್ಬರು ಉತ್ತರವಾಗಿ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದ ಕಥೆ ಓದಿ ಹೇಳಿದರು.

ಕಥೆ ಸಣ್ಣದು. ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ದಣಿದ ಯೇಸು ಸಮಾರ್ಯ ಪ್ರಾಂತದ ಒಂದು ಬಾವಿಯ ಬಳಿ ಕೂರುತ್ತಾನೆ. ನೀರಿಗೆ ಒಬ್ಬಳು ಹೆಂಗಸು ಬರುತ್ತಾಳೆ. ಕುಡಿಯಲು ಕೊಡು ಎಂದು ಕೇಳುತ್ತಾನೆ. ಅವಳಿಗೆ ಆಶ್ಚರ್ಯ. ಯೆಹೂದ್ಯರು ಸಮಾರ್ಯದವರ ಜೊತೆ ಹೊಕ್ಕುಬಳಕೆ ಇಟ್ಟುಕೊಳ್ಳುವುದಿಲ್ಲ. ಅದರ ಮೇಲೆ ಅವಳು ಐದು ಗಂಡಂದಿರನ್ನು ಕಂಡವಳು, ಈಗ ಇರುವವನು ಗಂಡನೂ ಅಲ್ಲ. ಅದೆಲ್ಲ ಅವನಿಗೆ ಗೊತ್ತು. ಗೊತ್ತಿದ್ದೂ ಅವಳನ್ನು ಹೀಯಾಳಿಸುವುದಿಲ್ಲ. ದೇವರನ್ನು ಎಲ್ಲಿ ಪೂಜಿಸಬೇಕು, ಹೇಗೆ ಪೂಜಿಸಬೇಕು ಎಂಬಂಥ ದೊಡ್ಡ ವಿಚಾರವನ್ನು ಅವಳೊಂದಿಗೆ ಕೂತು ಮಾತನಾಡುತ್ತಾನೆ. ಬಾವಿ, ಕೊಡ, ಯಾರು ಯಾರ ಕೈಯ ನೀರು ಕುಡಿಯಬಹುದು ಎಂಬ ಪ್ರಶ್ನೆ, ಇವೆಲ್ಲ ನಮ್ಮ ಊರುಗಳಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿಗೂ ಬೇಕಿರಲಿಲ್ಲ. ಆ ದಿನ ತಮ್ಮ ಮನಸ್ಸು ತಿರುಗಿತೆಂದು ಅವರೇ ಮುಂದೆ ಬರೆದಿದ್ದಾರೆ. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಹಾಗೆಂದು ಅವರು ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ನಮ್ಮ ಜನಕ್ಕೆ ಸಂಸ್ಕೃತದಲ್ಲಿ ಯಾಕಿರಬಾರದು ಎಂದು ವಾದಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದರು. ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಭಾರತದ ಬಿಷಪ್ಪರು ಬೇಡವೆಂದರು. ನನ್ನ ದೇಶದಲ್ಲಿ ಗಂಡಸರ ಸಭೆಗಳಲ್ಲಿ ಮಾತನಾಡಿ ಬಂದವಳು ನಾನು, ಇಲ್ಲಿ ಯಾಕೆ ತಡೆ ಎಂದು ರಮಾಬಾಯಿ ಕಟುವಾಗಿ ಪತ್ರ ಬರೆದರು. ಕ್ರಿಸ್ತನನ್ನು ಒಪ್ಪಿದ್ದೇನೆ, ಪ್ರತಿಯೊಬ್ಬ ಪಾದ್ರಿಯನ್ನಲ್ಲ ಎಂಬುದು ಅವರ ನಿಲುವಿನ ಸಾರ.

1886ರಲ್ಲಿ ಅವರ ದೂರದ ಸಂಬಂಧಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದರು. ಆ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದ ರಮಾಬಾಯಿ ಎರಡು ವರ್ಷಕ್ಕೂ ಹೆಚ್ಚು ಅಲ್ಲೇ ಉಳಿದು, ಊರೂರಿಗೆ ಹೋಗಿ ಹಿಂದೂ ಬಾಲವಿಧವೆಯರ ಸ್ಥಿತಿಯ ಬಗ್ಗೆ ಭಾಷಣ ಮಾಡಿದರು. ಅದೇ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1887ರ ಕೊನೆಗೆ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಭಾರತದಲ್ಲಿ ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು.

ಬಾಲವಿಧವೆ ಎಂದರೆ ಏನೆಂದು ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಅಜ್ಜಿ ತಮ್ಮ ಸೋದರತ್ತೆಯ ಬಗ್ಗೆ ಹೇಳುತ್ತಿದ್ದರು. ಏಳಕ್ಕೆ ಮದುವೆ, ಒಂಬತ್ತಕ್ಕೆ ಗಂಡ ಹಾವು ಕಚ್ಚಿ ಸತ್ತ. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಒಂದು ಹೊತ್ತು ಊಟ, ಇಡೀ ಮನೆಯ ಕೆಲಸ. ಮದುವೆ ಮುಂಜಿಗೆ ಅಡುಗೆಮನೆಯಲ್ಲಿ ಬೇಕು, ಚಪ್ಪರದಲ್ಲಿ ಎದುರಾಗಬಾರದು. ಎಪ್ಪತ್ತು ದಾಟುವವರೆಗೆ ಹಾಗೆಯೇ ಬದುಕಿದರಂತೆ. ಅವರ ಹೆಸರೇನೆಂದು ಕೇಳಿದೆ. ಎಲ್ಲರೂ ಮಡಿ ಅಜ್ಜಿ ಎಂದೇ ಕರೆಯುತ್ತಿದ್ದರು, ಹೆಸರು ನೆನಪಿಲ್ಲ ಎಂದರು ಅಜ್ಜಿ.

ಶಾರದಾ ಸದನದಲ್ಲಿ ಇಂಥ ಹುಡುಗಿಯರಿಗೆ ತಲೆಗೂದಲು ಬಿಡಲು, ಓದಲು, ಹೂದೋಟದಲ್ಲಿ ಆಡಲು ಅವಕಾಶವಿತ್ತು. ಮೊದಮೊದಲು ಬಂದವರಲ್ಲಿ ಗೋದೂಬಾಯಿ ಎಂಬ ವಿಧವೆಯೂ ಒಬ್ಬರು. 1893ರಲ್ಲಿ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾದರು. ಮಹಿಳಾ ವಿಶ್ವವಿದ್ಯಾಲಯ ಕಟ್ಟಿ ಭಾರತ ರತ್ನ ಪಡೆದ ಮಹರ್ಷಿ ಕರ್ವೆಯವರೇ ಅವರು.

ಆದರೆ ಅದೇ 1893ರಲ್ಲಿ ಸದನದ ಮೇಲೆ ಬಿರುಗಾಳಿ ಎದ್ದಿತು. ಸದನದಲ್ಲಿ ಧರ್ಮ ಬೋಧನೆ ಇಲ್ಲ, ಹುಡುಗಿಯರು ತಮ್ಮ ಆಚಾರ ಪಾಲಿಸಬಹುದು ಎಂಬ ಮಾತಿನ ಮೇಲೆ ಅದು ಶುರುವಾಗಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಅವರು ಬರಬೇಡಿ ಎನ್ನಲಿಲ್ಲ. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಅವರಿಗೆ ಬೆಂಬಲವಾಗಿದ್ದ ರಾನಡೆ, ಭಂಡಾರ್ಕರ್ ಅವರಂಥವರೂ ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಪೋಷಕರು ಹೆಣ್ಣುಮಕ್ಕಳನ್ನು ವಾಪಸು ಕರೆದೊಯ್ದರು.

ಈ ವಿಷಯವನ್ನು ದಾಟಿಸಿ ಹೋಗಬಹುದಿತ್ತು. ನಮ್ಮದು ಎಲ್ಲ ಜಾತಿ ಧರ್ಮದವರೂ ಒಂದೇ ಬೆಂಚಿನಲ್ಲಿ ಕೂತು ಓದಿದ ಸರ್ಕಾರಿ ಶಾಲೆ, ಇಲ್ಲಿ ಇದು ಯಾಕೆ ಎಂದು ಯಾರಾದರೂ ಕೇಳಬಹುದು. ನನ್ನ ಅಭಿಪ್ರಾಯ ಹೇಳುತ್ತೇನೆ. ತಂದೆ ತಾಯಿಗಳ ಭಯ ಸುಳ್ಳಲ್ಲ. ಪ್ರೀತಿಯಿಂದ ಸಾಕಿದವರ ದೇವರನ್ನು ಮಕ್ಕಳು ಒಪ್ಪುವುದು ಸಹಜ, ಅದು ರಮಾಬಾಯಿಗೂ ತಿಳಿದಿರಲೇಬೇಕು. ಮುಂದೆ ಅವರು ಕೇಡಗಾಂವ್‌ನಲ್ಲಿ ಕಟ್ಟಿದ್ದು ಮುಚ್ಚುಮರೆಯಿಲ್ಲದ ಕ್ರೈಸ್ತ ಸಂಸ್ಥೆಯನ್ನೇ. ಆದರೆ ವಾಪಸು ಕರೆದೊಯ್ದ ಹುಡುಗಿಯರಿಗಾಗಿ ಪುಣೆಯಲ್ಲಿ ಅಂದು ಬೇರೆ ಯಾವ ಬಾಗಿಲು ತೆರೆದಿತ್ತು ಎಂಬ ಪ್ರಶ್ನೆಯೂ ಇದೆ. ಕರ್ವೆಯವರು ಪುಣೆಯಲ್ಲಿ ವಿಧವೆಯರಿಗಾಗಿ ತಮ್ಮ ಆಶ್ರಮ ತೆರೆದದ್ದು ಇದಾದ ಮೇಲೆ, 1896ರಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎನ್ನುವುದಷ್ಟೇ ನನ್ನ ಮಾತು.

ಬಾಸ್ಟನ್ನಿನ ಹಣ ಹತ್ತು ವರ್ಷಕ್ಕೆ ನಿಲ್ಲುತ್ತದೆಂದು ತಿಳಿದಿದ್ದ ರಮಾಬಾಯಿ, ಹಣ್ಣಿನ ತೋಟ ಮಾಡಿ ಸ್ವಂತ ಆದಾಯ ಕಾಣಲು ಪುಣೆಯಿಂದ ಮೂವತ್ತು ಮೈಲಿಗೂ ಆಚೆ ಕೇಡಗಾಂವ್‌ನಲ್ಲಿ ಸುಮಾರು ನೂರು ಎಕರೆ ಬರಡು ಭೂಮಿ ಕೊಂಡಿದ್ದರು. ಅಷ್ಟರಲ್ಲಿ 1896ರ ಬರ ಬಂತು. ಮಧ್ಯಪ್ರಾಂತದಲ್ಲಿ ಜನ ಸಾಯುತ್ತಿರುವ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅವರಿಗೆ ತಮ್ಮ ತಂದೆ ತಾಯಿಯ ಬರಗಾಲ ಕಣ್ಣ ಮುಂದೆ ಬಂತು. 1897ರ ಆರಂಭದಲ್ಲಿ ಕೈಯಲ್ಲಿ ಹೆಚ್ಚು ಹಣವಿಲ್ಲದೆಯೇ ರೈಲು ಹತ್ತಿದರು. ಸರ್ಕಾರದ ಗಂಜಿ ಕೇಂದ್ರಗಳಲ್ಲಿ ಎಲುಬು ಚರ್ಮವಾದ ಹುಡುಗಿಯರನ್ನು ನೋಡಿದರು. ಒಂದು ಹಿಡಿ ಕಾಳಿಗಾಗಿ ಅಲ್ಲಿನ ಮೇಲ್ವಿಚಾರಕರ, ದಲ್ಲಾಳಿಗಳ ಕೈಗೆ ಸಿಕ್ಕಿ ಹಾಳಾಗುತ್ತಿದ್ದ ಹುಡುಗಿಯರನ್ನೂ ನೋಡಿದರು. ಮುನ್ನೂರು ಹುಡುಗಿಯರನ್ನು ಉಳಿಸುತ್ತೇನೆಂದು ಅಲ್ಲೇ ನಿಶ್ಚಯ ಮಾಡಿದರು.

ಕರುಣೆ ಎಂದರೆ ಕಣ್ಣೀರು ಹಾಕುವುದೆಂದು ನಾವು ತಿಳಿಯುತ್ತೇವೆ. ಕೇಡಗಾಂವ್‌ನಲ್ಲಿ ಅದು ಬೇರೆ ರೀತಿ ಇತ್ತು. ಬಂದ ಮಕ್ಕಳ ತಲೆತುಂಬ ಹೇನು, ಮೈತುಂಬ ಹುಣ್ಣು. ಕೆಲವರು ರಾತ್ರಿ ಎದ್ದು ಕಾಳು ಕದ್ದು ಬಚ್ಚಿಡುತ್ತಿದ್ದರು, ಏಕೆಂದರೆ ನಾಳೆಯೂ ಊಟ ಸಿಗುತ್ತದೆಂಬ ನಂಬಿಕೆಯೇ ಅವರಿಗೆ ಹೋಗಿತ್ತು. ಬೈಯುತ್ತಿದ್ದರು, ಕಚ್ಚುತ್ತಿದ್ದರು, ಓಡಿಹೋಗುತ್ತಿದ್ದರು. ಎಷ್ಟೋ ಮಕ್ಕಳು ಬಂದ ಮೇಲೂ ಉಳಿಯಲಿಲ್ಲ. ಶಾರದಾ ಸದನದಲ್ಲಿ ಓದಿದ ಹಳೆಯ ವಿದ್ಯಾರ್ಥಿನಿಯರು, ಬಹುಪಾಲು ಮಡಿ ಮೈಲಿಗೆಯಲ್ಲಿ ಬೆಳೆದ ಬ್ರಾಹ್ಮಣ ವಿಧವೆಯರು, ಒಬ್ಬೊಬ್ಬರು ಕೆಲವು ಮಕ್ಕಳಂತೆ ವಹಿಸಿಕೊಂಡು ತಲೆ ತೊಳೆದರು, ಹುಣ್ಣಿಗೆ ಔಷಧಿ ಹಚ್ಚಿದರು, ಜೊತೆಯಲ್ಲಿ ಮಲಗಿದರು. ಯಾವ ಜಾತಿಯ ಮಗು ಎಂದು ಕೇಳುವ ಹಾಗಿರಲಿಲ್ಲ.

ಆ ವೇಳೆಗೆ ಪುಣೆಯಲ್ಲಿ ಪ್ಲೇಗ್. ಇಷ್ಟು ಮಕ್ಕಳನ್ನು ಊರಿನಲ್ಲಿ ಇಟ್ಟುಕೊಳ್ಳಬಾರದೆಂದು ಅಧಿಕಾರಿಗಳು ಹೇಳಿದರು. ಕೇಡಗಾಂವ್‌ನಲ್ಲಿ ಕಟ್ಟಡವೇ ಇರಲಿಲ್ಲ. ಗುಡಾರ, ಹುಲ್ಲಿನ ಜೋಪಡಿಗಳಲ್ಲಿ ಮಕ್ಕಳನ್ನು ಇಳಿಸಿದರು. ಪ್ಲೇಗ್ ಆಸ್ಪತ್ರೆಗೆ ಒಯ್ದ ತಮ್ಮ ಹುಡುಗಿಯೊಬ್ಬಳು ಕಾಣೆಯಾದಾಗ, ಅಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಬೊಂಬಾಯಿಯ ಗವರ್ನರ್ ಅಲ್ಲಗಳೆದರು, ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಕ್ರೈಸ್ತರಾದ್ದರಿಂದ ಬ್ರಿಟಿಷ್ ಸರ್ಕಾರದ ಪರವಾಗಿದ್ದರೆಂದು ಅವರನ್ನು ಹಳಿಯುವವರು ಇದನ್ನು ಓದಿರಲಿಕ್ಕಿಲ್ಲ.

1898ರಲ್ಲಿ ಆ ಜಾಗಕ್ಕೆ ಮುಕ್ತಿ ಎಂದು ಹೆಸರಾಯಿತು. 1900ರಲ್ಲಿ ಗುಜರಾತಿನ ಬರದಿಂದ ಇನ್ನೂ ಸಾವಿರಕ್ಕೂ ಹೆಚ್ಚು ಮಕ್ಕಳು ಬಂದರು. ಒಟ್ಟು ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು. ನಮ್ಮ ಶಾಲೆಯ ಬಿಸಿಯೂಟ ನಡೆಸುವವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಸಾವಿರ ಜನಕ್ಕೆ ದಿನವೂ ಊಟ, ನೀರು, ಬಟ್ಟೆ, ಮಲಗಲು ಜಾಗ, ಅದೂ ಮಳೆ ಕಡಿಮೆಯಿರುವ ಬಯಲಿನಲ್ಲಿ. ಬಾವಿ ತೋಡಿಸಿದರು. ಜೋಳ, ತರಕಾರಿ ಬೆಳೆದರು, ಹಸು ಕಟ್ಟಿದರು. ಶಾಲೆಯ ಜೊತೆಗೆ ಮಗ್ಗ, ಎಣ್ಣೆ ಗಾಣ, ಹೊಲಿಗೆ, ಮುದ್ರಣಾಲಯ ಎಲ್ಲವನ್ನೂ ಹುಡುಗಿಯರೇ ನಡೆಸುವಂತೆ ಮಾಡಿದರು. ಓದಿನ ಜೊತೆ ಪ್ರತಿ ಹುಡುಗಿಗೂ ಒಂದು ಕೈಕೆಲಸ ಬರಲೇಬೇಕಿತ್ತು. ಸಂಸ್ಕೃತ ಬಲ್ಲ, ಆದರೆ ಒಂದು ಕೂಲಿ ಕೆಲಸ ಬಾರದ ತಮ್ಮ ಮನೆಯವರು ಹೇಗೆ ಸತ್ತರೆಂಬುದನ್ನು ಅವರು ಮರೆತಿರಲಿಲ್ಲವೆಂದು ಕಾಣುತ್ತದೆ.

ಫುಲ್‌ಹ್ಯಾಮ್‌ನಲ್ಲಿ ಕಂಡದ್ದನ್ನೂ ಮರೆತಿರಲಿಲ್ಲ. ಎಲ್ಲರೂ ದೂರ ತಳ್ಳಿದ ಹೆಂಗಸರಿಗಾಗಿ ಮುಕ್ತಿಯಲ್ಲಿ ಕೃಪಾ ಸದನ ಎಂಬ ಬೇರೆ ಮನೆ ಕಟ್ಟಿದರು. ಹೆಸರೇ ಹೇಳುವಂತೆ ಅಲ್ಲಿ ವಿಚಾರಣೆಯಿರಲಿಲ್ಲ. ಕುರುಡು ಹುಡುಗಿಯರಿಗೆ ಮನೋರಮಾ ಬ್ರೈಲ್ ಲಿಪಿ ಕಲಿಸಿದರು. ವಿದೇಶದಲ್ಲಿ ಓದಿ ಬಂದ ಮನೋರಮಾ ತಾಯಿಗೆ ಬಲಗೈಯಾಗಿದ್ದರು. ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಒಂದು ಕೋಣೆ ಸೇರಿ ಬೈಬಲನ್ನು ಮರಾಠಿಗೆ ತರುವ ಕೆಲಸ ಹಿಡಿದರು. ಇದ್ದ ಅನುವಾದ ಓದು ಬಲ್ಲವರಿಗೆ ಸರಿ, ಅಕ್ಷರ ಈಗಷ್ಟೇ ಕಲಿತ ಹಳ್ಳಿಯ ಹೆಂಗಸಿಗೆ ಅರ್ಥವಾಗುವುದಿಲ್ಲ ಎಂಬುದು ಅವರ ಕಾರಣ. ಕಲ್ಕತ್ತೆಯಲ್ಲಿ ತಮಗೇ ಅರ್ಥವಾಗದ ಸಂಸ್ಕೃತ ಬೈಬಲ್ ನೆನಪಿತ್ತೋ ಏನೋ. ಅದಕ್ಕಾಗಿ ಆ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಬಿಳಿ ಸೀರೆ, ಸರಳ ಊಟ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮಗಳು ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ಮತ್ತೆ ಕರಡು ತಿದ್ದಲು ಕೂತರು. ಅದು ಮುಗಿಯುತ್ತಿದ್ದಂತೆ, 1922ರ ಏಪ್ರಿಲ್ 5ರಂದು ಅವರೂ ಹೋದರು. ಪುಸ್ತಕವನ್ನು ಅಚ್ಚು ಮಾಡಿದ್ದು ಮುಕ್ತಿಯ ಮುದ್ರಣಾಲಯ. ಮೊಳೆ ಜೋಡಿಸಿದ್ದು ಬರಗಾಲದಿಂದ ಬದುಕಿ ಬಂದ ಹೆಂಗಸರ ಕೈಗಳು.

1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು. ಕೇಡಗಾಂವ್‌ನಲ್ಲಿ ಮುಕ್ತಿ ಇಂದಿಗೂ ನಡೆಯುತ್ತಿದೆ. ಪುಣೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ಭಾನುವಾರ ಹೋಗಿ ಬರಬಹುದು.

ಈಗಿನ ಶಿಕ್ಷಕರಲ್ಲಿ ಒಂದು ಕೋರಿಕೆ. ಶಾಲಾ ಪ್ರವಾಸದ ಬಸ್ಸು ಇನ್ನೊಮ್ಮೆ ಕುದುರೆಮುಖದ ದಾರಿಯಲ್ಲಿ ಹೋದರೆ, ಗಂಗಾಮೂಲದಲ್ಲಿ ಮೂರು ನದಿಗಳ ಹೆಸರು ಹೇಳಿದ ಮೇಲೆ, ಬೆತ್ತದ ಪೆಟ್ಟಿಗೆಯಲ್ಲಿ ಬೆಟ್ಟ ಇಳಿದ ಆ ಮಗುವಿನ ಹೆಸರನ್ನೂ ಮಕ್ಕಳಿಗೆ ಹೇಳಿ.